ಮದ್ದು ಪಾಯಸ ಉಂಡ ಮರುದಿನ

ಕೊಡ್ಲಿಪೇಟೆಯಲ್ಲಿ ನನ್ನನ್ನು ಈಗಲೂ ಡ್ರಿಲ್ ಮಾಸ್ಟ್ರು ಅಂತಲೇ ಕರೆಯುವುದು. ರಿಟೈರ್ ಆಗಿ ವರ್ಷಗಳಾದವು, ಆದರೂ ಸಂತೆಗೆ ಹೋದರೆ ಹಸಿಮೆಣಸು ತೂಗುವವನು ನನ್ನನ್ನು ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡುತ್ತಾನೆ. ಅರ್ಧ ಊರು ನನ್ನೆದುರು ಬಿಸಿಲಲ್ಲಿ ನಿಂತು ಬೈಸಿಕೊಂಡದ್ದೇ. ಅಂಥ ನಾನು ಈಗ ಮಡಿಕೇರಿಯಾಚೆ, ಪಶ್ಚಿಮದ ಬೆಟ್ಟದ ಮಗ್ಗುಲಲ್ಲಿರುವ ಒಂದು ಕಾಡಿನಲ್ಲಿ ಜನರನ್ನು ಮೆಲ್ಲಗೆ ನಡೆಸಿಕೊಂಡು ಹೋಗುವ ಕೆಲಸ ಮಾಡುತ್ತೇನೆ ಅಂದರೆ ನನ್ನ ಹಳೇ ಶಿಷ್ಯರು ನಂಬುವುದಿಲ್ಲ.

ಅದು ಒಂದು ಕಾಲಕ್ಕೆ ಏಲಕ್ಕಿ ಮಲೆ. ಯಜಮಾನರು ಕೈಬಿಟ್ಟ ಮೇಲೆ ಕಾಡು ತನ್ನ ಜಾಗ ತಾನೇ ವಾಪಸು ತಗೊಂಡಿತು. ಈಗ ಒಂದು ಟ್ರಸ್ಟಿನವರು ಅದನ್ನು ಹಾಗೇ ಕಾಪಾಡಿಕೊಂಡು, ಕಾಲಕ್ಕೆ ತಕ್ಕ ಹಾಗೆ ಜನರನ್ನು ಕರೆಸಿ ತೋರಿಸುತ್ತಾರೆ. ದೀಪಾವಳಿ ಕಳೆದ ಮೇಲೆ ಹಕ್ಕಿಗಳ ನಡಿಗೆ, ಕಾಫಿ ಹೂ ಬಿಡುವ ಹೊತ್ತಿಗೆ ಜೇನಿನ ನಡಿಗೆ, ಮುಂಗಾರಿಗೆ ಮುಂಚಿನ ಮಳೆಗಳಲ್ಲಿ ಮಿಂಚುಹುಳದ್ದು. ನನಗೆ ಹಕ್ಕಿಯ ಹುಚ್ಚು ಮೊದಲಿಂದಲೂ ಇತ್ತು. ಹುಡುಗರನ್ನು ಮೈದಾನದ ಸುತ್ತ ಓಡಲು ಬಿಟ್ಟು ನಾನು ನೀಲಗಿರಿ ಮರದ ತುದಿ ನೋಡುತ್ತ ನಿಂತದ್ದು ಎಷ್ಟು ಸಲವೋ. ಆದರೂ ಕಾಡಿನ ಶಿಸ್ತು ಬೇರೆ ಕಣ್ರೀ. ಮೊದಲ ದಿನ ಅಭ್ಯಾಸಬಲಕ್ಕೆ ಸೀಟಿ ಊದಿಬಿಟ್ಟೆ. ನಾನು ತೋರಿಸಬೇಕೆಂದಿದ್ದ ಮಂಗಟ್ಟೆ ಹಕ್ಕಿ ಆವತ್ತು ಕೇರಳದ ಗಡಿ ದಾಟಿಯೇ ರೆಕ್ಕೆ ಮಡಚಿರಬೇಕು. ಆಮೇಲೆ ಸೀಟಿಯನ್ನು ಮನೆಯಲ್ಲೇ ಇಟ್ಟು ಬಂದೆ.

ಈ ಸಂತೋಷಕ್ಕೆ ಕಲ್ಲು ಬಿದ್ದದ್ದು ಹೋದ ವರ್ಷ. ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಹೋಯಿತು. ಉಷ್ಣ ಇರಬೇಕು ಅಂತ ಎಳನೀರು ಕುಡಿದೆ, ಮೆಂತ್ಯ ನೆನೆಸಿ ಕುಡಿದೆ. ಹೆಂಡತಿ ಅದಕ್ಕೆಲ್ಲ ಜಗ್ಗುವವಳಲ್ಲ. ದರದರ ಎಳೆದುಕೊಂಡು ಮೈಸೂರಿಗೆ ಹೋದಳು. ಮೂತ್ರಕೋಶದಲ್ಲಿ ಒಂದು ಗಂಟು. ತೆಗೆದರು. ಸಣ್ಣದು, ಬೇಗ ಸಿಕ್ಕಿತು, ನಿಮ್ಮ ಅದೃಷ್ಟ ಚೆನ್ನಾಗಿದೆ ಅಂದರು ಡಾಕ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಇದು ತಿರುಗಿ ಬರುವ ಜಾತಿಯದ್ದು. ಮತ್ತೆ ಕೆಂಪು ಕಂಡರೆ ತಡ ಮಾಡಬೇಡಿ, ಬಂದುಬಿಡಿ," ಅಂತಲೂ ಸೇರಿಸಿದರು. ಆ ಮಾತು ನನ್ನ ಹೆಂಡತಿಯ ತಲೆಯಲ್ಲಿ ಕೂತುಬಿಟ್ಟಿತು. ನನ್ನ ತಲೆಯಲ್ಲೂ ಕೂತಿತ್ತು, ನಾನು ತೋರಿಸಿಕೊಳ್ಳಲಿಲ್ಲ ಅಷ್ಟೇ.

ಆಮೇಲೆ ಮನೆಯಲ್ಲಿ ಎಷ್ಟು ತಿಂಗಳು ಕೂತೆನೋ, ನಾನು ಮನುಷ್ಯನೇ ಆಗಿರಲಿಲ್ಲ. ಟಿವಿಯವರಿಗೆ ಬೈಯುತ್ತಿದ್ದೆ, ಹಾಲಿನವನಿಗೆ ಬೈಯುತ್ತಿದ್ದೆ, ಕೊನೆಗೆ ಗಡಿಯಾರಕ್ಕೂ ಬೈದೆ. ಹೆಂಡತಿಗೇ ಸಾಕಾಗಿ ಹೋಯಿತು. "ಹೋಗಿ, ಆ ಕಾಡಿಗೇ ಹೋಗಿ," ಅಂದಳು. "ಆದ್ರೆ ಒಂದು ಮಾತು. ಕೆಂಪು ಕಂಡ್ರೆ ಆವತ್ತೇ ನಂಗೆ ಫೋನ್ ಮಾಡ್ಬೇಕು. ಆವತ್ತಿಗೆ ಕಾಡು ಮುಗೀತು. ಆಮೇಲೆ ನೀವು ಅತ್ತ ತಲೆ ಹಾಕಂಗಿಲ್ಲ." ನಾನು ತಲೆ ಮುಟ್ಟಿಕೊಂಡು ಹೂಂ ಅಂದೆ. ಆಗ ಯಾವುದಕ್ಕಾದರೂ ಹೂಂ ಅನ್ನುತ್ತಿದ್ದೆ.

ಅಲ್ಲಿಯವರೆಗೆ ಮಳೆಗಾಲದಲ್ಲಿ ಕಾಡಿನ ಗೇಟಿಗೆ ಬೀಗ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಯಾರು ಬರುತ್ತಾರೆ ಅಂತ ಟ್ರಸ್ಟಿನವರ ವಾದ. ನಾನು ಬಿಡಲಿಲ್ಲ. ಮನೆಯಲ್ಲಿ ಕೂತು ಕೊಳೆಯುವುದಕ್ಕೆ ನನಗಂತೂ ಇಷ್ಟವಿರಲಿಲ್ಲ. ಕಕ್ಕಡದ ಮಳೆಯಲ್ಲಿ ಈ ಬೆಟ್ಟ ನೋಡದವರು ಕೊಡಗನ್ನು ನೋಡಿಯೇ ಇಲ್ಲ ಅಂತ ಭಾಷಣ ಬಿಗಿದೆ. ಕೊನೆಗೆ ಒಪ್ಪಿದರು: ಕಕ್ಕಡ ಹದಿನೆಂಟಕ್ಕೆ ಹೊಂದಿಸಿ ಎರಡು ರಾತ್ರಿ ಉಳಿಯುವ ಒಂದು ಮಳೆ ನಡಿಗೆ ಮಾಡಿ, ಜನ ಬಂದರೆ ಮುಂದೆ ನೋಡೋಣ.

ಕಕ್ಕಡ ಅಂದರೆ ಆಷಾಢದ ಆಸುಪಾಸಿನ ಮಳೆ ತಿಂಗಳು. ಆ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪು ಅನ್ನುವ ಕಾಡುಗಿಡಕ್ಕೆ ಹದಿನೆಂಟು ಔಷಧಿಯ ಗುಣ ಬರುತ್ತದೆ, ಆವತ್ತು ಮಾತ್ರ ಅದು ಘಮ್ಮನೆ ಪರಿಮಳ ಬಿಡುತ್ತದೆ, ಅದರ ರಸದಲ್ಲಿ ಪಾಯಸ ಮಾಡಿ ಉಣ್ಣಬೇಕು ಅಂತ ಇಲ್ಲಿಯ ಪದ್ಧತಿ. ಇಲ್ಲಿಯ ಅಂದರೆ ಮಡಿಕೇರಿಯ ಸುತ್ತ, ದಕ್ಷಿಣದ ಕಡೆ. ಉತ್ತರದ ತುದಿಯ ನಮ್ಮ ಕೊಡ್ಲಿಪೇಟೆ ಕಡೆ ನಮ್ಮ ಮನೆಗಳಲ್ಲಿ ಅದಿಲ್ಲ. ನಮ್ಮದೇನಿದ್ದರೂ ಅತ್ತ ಹಾಸನದ ಗಾಳಿ. ನನಗೆ ಮದ್ದು ಸೊಪ್ಪು ಗೊತ್ತಿದ್ದದ್ದು ಪೇಪರಿನಲ್ಲಿ ಓದಿ. ಹಾಗಂತ ಬಂದವರೆದುರು ಹೇಳಿಕೊಳ್ಳುವುದುಂಟೇ? ನಾನು ಕೊಡಗಿನವನು, ಗೈಡು, ಮೇಲಾಗಿ ಮಾಸ್ಟ್ರು.

ಜನ ಬಂದರು, ಒಂದು ಮಿನಿ ಬಸ್ ತುಂಬುವಷ್ಟು. ಎಲ್ಲರೂ ಬಯಲುಸೀಮೆಯವರು. ದಾವಣಗೆರೆಯ ಒಬ್ಬರು ದಪ್ಪ ಮನುಷ್ಯ ಹಸಿರು ರೇನ್‌ಕೋಟಿನಲ್ಲಿ ಇಳಿದದ್ದೇ ಜಿಗಣೆ ಎಲ್ಲಿ ಅಂತ ಕೇಳಿದರು. ಹತ್ತು ಹೆಜ್ಜೆ ಇಡುವುದರೊಳಗೆ ಜಿಗಣೆಯೇ ಅವರನ್ನು ಹುಡುಕಿಕೊಂಡು ಬಂತು. ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು, ಒಂದೇ ಕೊಡೆಯಲ್ಲಿ ಇಬ್ಬರೂ ಅರ್ಧರ್ಧ ನೆನೆಯುತ್ತ. ಮತ್ತೆ ಮೈಸೂರಿನ ಒಬ್ಬ ಅಜ್ಜಿ, ಸ್ವಂತ ಕಾರು, ಡ್ರೈವರ್ ಸಮೇತ ಬಂದವರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವರಂತೆ. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜಿಗಣೆ ಬಿಡಿಸಲು ಉಪ್ಪಿನ ಗಂಟು ಹಂಚುತ್ತಿದ್ದರೆ, "ನೀವು ಮಿಲಿಟರಿಯಲ್ಲಿದ್ರಾ?" ಅಂತ ಕೇಳಿದರು. ಅಲ್ಲ, ಅದಕ್ಕಿಂತ ಕಷ್ಟದ ಕೆಲಸ, ಹೈಸ್ಕೂಲಿನಲ್ಲಿದ್ದೆ ಅಂದೆ.

ಆ ದಿನದ ನಡಿಗೆ ಏನು ಚೆಂದ ಇತ್ತು ಅಂತೀರಿ! ಮಳೆ ಒಂದೇ ಸಮ. ಬಂಡೆಗಳ ಮೈತುಂಬ ಗುಲಾಬಿ ಬಣ್ಣದ ಸಣ್ಣ ಹೂಗಳು, ಕಾಲಿಟ್ಟಲ್ಲೆಲ್ಲ ಕಪ್ಪೆ. ತೊರೆಯ ಬದಿಯಲ್ಲಿ ಸಿಳ್ಳೆ ಹಕ್ಕಿ ಹಾಡುತ್ತಿತ್ತು. ಅದು ಹಾಡುವುದೇ ಮಳೆಗೆ. ಯಾರೋ ಪೋಲಿ ಹುಡುಗ ಸುಮ್ಮನೆ ಸಿಳ್ಳೆ ಹಾಕುತ್ತ ಹೋದ ಹಾಗೆ ಕೇಳಿಸುತ್ತದೆ, ಸ್ಕೂಲಿನಲ್ಲಾಗಿದ್ದರೆ ನಾನು ಕಿವಿ ಹಿಂಡುತ್ತಿದ್ದೆ. ಎಲ್ಲರ ಕೈಯಲ್ಲೂ ಮದ್ದು ಸೊಪ್ಪು ಕೊಯ್ಸಿದೆ, ಮೂಸಿ ನೋಡಿ ಅಂದೆ, ಹದಿನೆಂಟು ಗುಣದ ಕಥೆ ಹೇಳಿದೆ. ಪೇಪರಿನಲ್ಲಿ ಓದಿದ್ದಕ್ಕೆ ಒಂದಿಷ್ಟು ಒಗ್ಗರಣೆಯನ್ನೂ ಹಾಕಿದೆ.

ಸೊಪ್ಪನ್ನು ಅಡುಗೆಮನೆಗೆ ಒಪ್ಪಿಸಿದೆವು. ಅಲ್ಲಿಯ ಅಡುಗೆ ಮಾಡುವವರನ್ನು ನಾನು ಅಕ್ಕ ಅನ್ನುತ್ತೇನೆ; ಪಕ್ಕದ ಊರಿನ ಗೌಡರ ಮನೆಯವರು, ಮನೆಯಲ್ಲಿ ಅರೆಭಾಷೆ, ನಮ್ಮ ಜೊತೆ ಅದಕ್ಕೇ ಸ್ವಲ್ಪ ಕನ್ನಡ ಬೆರೆಸಿ ಮಾತು. ಅಕ್ಕ ಸೊಪ್ಪು ಬೇಯಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅದಕ್ಕೇ ಅಕ್ಕಿ, ಬೆಲ್ಲ, ಕಾಯಿಹಾಲು. ಮೇಲೆ ತುಪ್ಪ, ಜೇನು. ಹೊರಗೆ ಹಂಚಿನ ಮೇಲೆ ಮಳೆ ಬಡಿಯುತ್ತಿದ್ದರೆ ಒಳಗೆ ಆ ಬಿಸಿ ಪಾಯಸ, ಆಹಾ! ಎಲ್ಲರೂ ನಾಲಿಗೆ ಚಾಚಿ ಬಣ್ಣ ತೋರಿಸಿಕೊಂಡು ಫೋಟೋ ತೆಗೆದುಕೊಂಡರು. ನಾನು ಎರಡು ಸಲ ಹಾಕಿಸಿಕೊಂಡೆ. ನಾನು ಬೇಡವೆಂದರೂ ಅಕ್ಕ ಬಿಡದೆ ಇನ್ನೊಂದು ಸೌಟು ಸುರಿದರು.

ಮರುದಿನ ಬೆಳಿಗ್ಗೆ ಅಂಗಳದಾಚೆಯ ಬಾತ್‌ರೂಮಿಗೆ ಹೋದೆ. ಕೆಂಪು. ಹೋದ ವರ್ಷಕ್ಕಿಂತ ಹೆಚ್ಚು ಕೆಂಪು, ಬೀಟ್‌ರೂಟ್ ತೊಳೆದ ನೀರಿನ ಹಾಗೆ.

ಗೋಡೆ ಹಿಡಿದುಕೊಂಡು ನಿಂತೆ. ಪಾಯಸದ ನೆನಪೇ ಬರಲಿಲ್ಲ. ಹೇಗೆ ಬಂದೀತು? ನನ್ನ ತಲೆಯಲ್ಲಿ ಡಾಕ್ಟರ ಮಾತೊಂದೇ ಕೂಗುತ್ತಿತ್ತು. ಬಂತಲ್ಲ ಮಾರಾಯ, ತಿರುಗಿ ಬಂತಲ್ಲ ಅಂದುಕೊಂಡೆ. ಹೆಂಡತಿಗೆ ಫೋನ್ ಮಾಡಬೇಕು. ಮಾಡಿದರೆ ಅವಳು ಅಲ್ಲೇ ಕುಸಿದು ಕೂರುತ್ತಾಳೆ, ನಾನು ಇನ್ನೆಂದೂ ಈ ಗೇಟು ದಾಟುವುದಿಲ್ಲ. ಬೆಳಗಿನ ನಡಿಗೆ ಒಂದು ಮುಗಿಸಿಬಿಡುತ್ತೇನೆ, ಆಮೇಲೆ ಫೋನು, ಮಧ್ಯಾಹ್ನದ ಬಸ್ಸಿಗೆ ಮಡಿಕೇರಿ, ಅಲ್ಲಿಂದ ಮೈಸೂರು ಅಂತ ತೀರ್ಮಾನ ಮಾಡಿ ಬ್ಯಾಗು ತುಂಬಿಟ್ಟೆ.

ಹಾಗೆ ಕೊನೆಯ ಸಲ ಅಂತ ಹೊರಟ ನಡಿಗೆ ಅದು. ಹೆಬ್ಬಲಸಿನ ಮರದ ಬುಡದಲ್ಲಿ ನಿಂತು ಅದಕ್ಕೆ ಕೈಯಿಟ್ಟೆ. ನನಗೆ ಅಳು ಬರುವ ಹಾಗಿತ್ತು. ಆದರೆ ಆ ದಿನ ಬಂದವರೂ ಯಾಕೋ ಸರಿಯಿರಲಿಲ್ಲ. ಹಿಂದಿನ ದಿನ ಕಪ್ಪೆಗಳಿಗಿಂತ ಹೆಚ್ಚು ಗದ್ದಲ ಮಾಡಿದ ಜನ ಇವತ್ತು ಮೌನ ವ್ರತ ಹಿಡಿದವರ ಹಾಗೆ ತಲೆ ತಗ್ಗಿಸಿ ಬರುತ್ತಿದ್ದರು. ಸಿಳ್ಳೆ ಹಕ್ಕಿ ಕೂಗಿದರೂ ಒಬ್ಬರೂ ಕತ್ತು ಎತ್ತಲಿಲ್ಲ. ದಾವಣಗೆರೆಯವರು ನನ್ನ ಪಕ್ಕಕ್ಕೆ ಬಂದು, "ಸರ್, ಇಲ್ಲಿಗೆ ಹತ್ರ ಆಸ್ಪತ್ರೆ ಯಾವ್ದು?" ಅಂದರು. ಸುಮ್ಮನೆ ಕೇಳಿದೆ ಅಂತಲೂ ಅಂದರು. ಮದುಮಗಳು ಜಿಗಣೆ ಕಚ್ಚಿದರೆ ರಕ್ತ ಒಳಗೂ ಕೆಡುತ್ತದಾ ಅಂತ ಕೇಳಿದಳು. ಅವಳ ಗಂಡ ಬೇರೆ ಕೊಡೆಯಲ್ಲಿ ದೂರ ನಡೆಯುತ್ತಿದ್ದ. ಜಗಳ ಆಗಿರಬೇಕು ಅಂದುಕೊಂಡೆ. ನನ್ನ ಚಿಂತೆಯೇ ನನಗೆ ಹಾಸಿ ಹೊದೆಯುವಷ್ಟಿತ್ತು, ಇವರದ್ದನ್ನು ಎಲ್ಲಿ ನೋಡಲಿ?

ತೊರೆಯ ಹತ್ತಿರ ಕೂರಲು ಒಂದು ಚಪ್ಪರ ಹಾಕಿದ್ದೇವೆ. ಅಲ್ಲಿ ಎಲ್ಲರೂ ಕೂತೆವು. ಇದ್ದಕ್ಕಿದ್ದಂತೆ ಮೈಸೂರಿನ ಅಜ್ಜಿ ಎದ್ದು ನಿಂತರು. "ಜೀವಮಾನವೆಲ್ಲ ಬೆಡ್‌ಪ್ಯಾನ್ ಹಿಡಿದವಳು ನಾನು, ನಂಗೇನು ನಾಚಿಕೆ ಇಲ್ಲ. ಕೇಳೇ ಬಿಡ್ತೀನಿ. ಇವತ್ತು ಬೆಳಿಗ್ಗೆ ಯಾರ್ಯಾರಿಗೆ ಕೆಂಪಗೆ ಹೋಯ್ತು? ಕೈ ಎತ್ತಿ!"

ಮೊದಲು ದಾವಣಗೆರೆಯವರ ಕೈ, ಅರ್ಧ. ಆಮೇಲೆ ಮದುಮಗಳದ್ದು. ಅವಳ ಗಂಡನದ್ದು ಎದ್ದಾಗ ಅವಳು, "ಅಯ್ಯೋ, ನಿಮಗೂನಾ! ಯಾಕ್ರೀ ಹೇಳಲಿಲ್ಲ?" ಅಂದಳು. "ನೀನ್ಯಾಕೆ ಹೇಳಲಿಲ್ಲ?" ಅಂದ ಅವನು. ನೋಡುನೋಡುತ್ತಿದ್ದಂತೆ ಚಪ್ಪರದಡಿ ಕೈಗಳೇ ಕೈಗಳು. ನಾನು ಇಷ್ಟು ವರ್ಷ ಎಷ್ಟು ಮಕ್ಕಳ ಕೈ ಎತ್ತಿಸಿದ್ದೇನೋ, ಅಂಥ ಶಿಸ್ತಿನ ಸಾಲು ಕಂಡಿಲ್ಲ. ಕೊನೆಗೆ ನಾನೂ ಎತ್ತಿದೆ. ಅಜ್ಜಿ ನನ್ನ ಕೈ ನೋಡಿ ಸೊಂಟಕ್ಕೆ ಕೈಯಿಟ್ಟರು. "ಮಾಸ್ಟ್ರೇ, ನಿನ್ನೆ ಹದಿನೆಂಟು ಗುಣ ಹೇಳಿದ್ರಲ್ಲ, ಇದು ಹತ್ತೊಂಬತ್ತನೇದಾ?"

ಕಾಡಿನಿಂದ ಅಷ್ಟು ಬೇಗ ಯಾವ ಗುಂಪೂ ವಾಪಸು ಬಂದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನಿಂತು ಒಟ್ಟಿಗೇ ಕೂಗಿದೆವು. ಅಕ್ಕ ಕೈಯಲ್ಲಿದ್ದ ಕೆಸುವಿನ ಎಲೆ ಕೆಳಗಿಡದೆ ಎಲ್ಲ ಕೇಳಿಸಿಕೊಂಡರು. ಅವರ ಮುಖ ಅರಳಿತು.

"ಎಲ್ಲರಿಗೂ ಹೋಯ್ತಾ? ಒಬ್ಬರೂ ಬಿಡದ ಹಾಗೆ? ಒಳ್ಳೇದಾಯ್ತು! ಹೋಗದಿದ್ರೆ ಮದ್ದು ಮೈಗೆ ಹಿಡೀಲಿಲ್ಲ ಅಂತ ಲೆಕ್ಕ. ನಮ್ಮಲ್ಲಿ ಮಕ್ಕಳು ಯಾರದ್ದು ಜಾಸ್ತಿ ಕೆಂಪು ಅಂತ ಪಂದ್ಯ ಕಟ್ತವೆ."

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕಾ?" ಅಂದೆ ನಾನು.

"ಹೇಳುವುದೆಂತ ಉಂಟು ಅದರಲ್ಲಿ? ಮೆಣಸು ತಿಂದ್ರೆ ಖಾರ ಆಗ್ತದೆ ಅಂತ ಯಾರಾದ್ರೂ ಹೇಳ್ತಾರಾ? ಅಲ್ಲ ಮಾಷ್ಟ್ರೇ, ಕೊಡಗಲ್ಲಿ ಹುಟ್ಟಿ ನಿಮಗೆ ಇದು ಗೊತ್ತಿಲ್ಲೆಯಾ?"

ನಗು ಶುರುವಾದದ್ದು ನಿಲ್ಲಲೇ ಇಲ್ಲ. ದಾವಣಗೆರೆಯವರು ಬೆಳಿಗ್ಗೆಯೇ ತಮ್ಮಂದಿರಿಗೆ ಫೋನ್ ಮಾಡಿ ತೋಟ ಹೇಗೆ ಪಾಲು ಮಾಡಿಕೊಳ್ಳಬೇಕು ಅಂತ ಹೇಳಿಬಿಟ್ಟಿದ್ದರಂತೆ. ಗಂಡ ಹೆಂಡತಿ ಮತ್ತೆ ಒಂದೇ ಕೊಡೆಗೆ ಬಂದರು. ನನ್ನ ಕಾಲು ಎಳೆಯದವರೇ ಇರಲಿಲ್ಲ. ನಾನೂ ನಕ್ಕೆ. ಆದರೆ ನನ್ನ ನಗು ಗಂಟಲಿಂದ ಕೆಳಗೆ ಇಳಿಯಲಿಲ್ಲ. ಅವರದೆಲ್ಲ ಪಾಯಸದ್ದು, ಸರಿ. ನನ್ನದು ಪಾಯಸದ್ದೇ ಅಂತ ಹೇಗೆ ಹೇಳುವುದು? ನನ್ನ ಒಳಗೆ ಬೇರೆ ಲೆಕ್ಕವೂ ಇದೆಯಲ್ಲ. ಎರಡೂ ಒಟ್ಟಿಗೇ ಆಗಿದ್ದರೆ? ಆಸ್ಪತ್ರೆಗೆ ಫೋನ್ ಮಾಡೋಣ ಅಂದರೆ, ಮೊದಲಿಗೆ ಅವರಿಗೆ ಕಕ್ಕಡ ಅಂದರೇನು ಅಂತ ಹೇಳಬೇಕು. ಮಧ್ಯಾಹ್ನದ ಬಸ್ಸು ಗೇಟಿನ ಮುಂದೆ ಬಂದು ನಿಂತು ಹೋಯಿತು. ಹತ್ತಲೂ ಇಲ್ಲ, ಬಿಟ್ಟೆ ಅನ್ನುವ ಸಮಾಧಾನವೂ ಇಲ್ಲ.

ಸಂಜೆ ಒಲೆಯ ಮುಂದೆ ಕೂತಿದ್ದಾಗ ಅಕ್ಕ ಕೇಳಿದರು. "ಎಂತ ಮಾಷ್ಟ್ರೇ, ಎಲ್ಲರೂ ನಗಾಡಿದ್ರು. ನಿಮ್ಮ ಮುಖ ಮಾತ್ರ ಒಣಗದ ಬಟ್ಟೆ ಥರ ಉಂಟಲ್ಲ?"

ಹೇಳಿಬಿಟ್ಟೆ. ಆಪರೇಷನ್ನು, ಡಾಕ್ಟರು, ಹೆಂಡತಿಗೆ ಕೊಟ್ಟ ಮಾತು, ಎಲ್ಲ. ಅಕ್ಕ ಸೌಟು ಹಿಡಿದುಕೊಂಡೇ ಕೂತರು. "ದೇವರೇ, ನಾನು ನಿಮಗೇ ಅಲ್ವಾ ಒತ್ತಾಯ ಮಾಡಿ ಬಡಿಸಿದ್ದು," ಅಂದರು. ಕೊಳ್ಳಿಯನ್ನು ಒಲೆಯೊಳಗೆ ತಳ್ಳುತ್ತ, "ಪಾಯಸದ್ದಾದ್ರೆ ನಾಳೆಗೆ ಹೋಗ್ತದೆ ಮಾಷ್ಟ್ರೇ. ನಾಳೆಗೆ ಇರುವುದಿಲ್ಲ," ಅಂದರು.

ಅಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಊಟಕ್ಕೆ ಕೂರುವಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಎಲ್ಲರೂ ನನ್ನ ತಟ್ಟೆಗೆ ಹಪ್ಪಳ ಹಾಕುವವರೇ. ನನಗೆ ಮೈಯೆಲ್ಲ ಉರಿಯಿತು. ನನ್ನ ಮೂತ್ರ ಊರ ಸುದ್ದಿಯಾಯಿತಲ್ಲ ಅಂತ ಸಿಟ್ಟು. ಎದ್ದು ಕೈ ತೊಳೆಯುವಾಗ ಮೈಸೂರಿನ ಅಜ್ಜಿ ಪಕ್ಕಕ್ಕೆ ಬಂದರು. "ಬೆಳಿಗ್ಗೆ ನೋಡಿ. ಆಗಲೂ ಕೆಂಪಿದ್ರೆ ನನ್ನ ಕಾರಲ್ಲಿ ನೇರ ಮೈಸೂರಿಗೆ. ನಾನೇ ಜೊತೆಗಿರ್ತೀನಿ. ಎದುರು ಮಾತಾಡ್ಬೇಡಿ," ಅಂದರು. ಡ್ರಿಲ್ ಮಾಸ್ಟ್ರಿಗೆ ಹಾಗೆ ಆರ್ಡರ್ ಮಾಡಿದವರು ಅವರೇ ಮೊದಲು. ನಾನು ಎದುರು ಮಾತಾಡಲಿಲ್ಲ.

ಬೆಳಗಾಯಿತು. ಬಾತ್‌ರೂಮಿಗೆ ಹೋದವನು ಕಣ್ಣು ಮುಚ್ಚಿಕೊಂಡು ನಿಂತೆ. ನೋಡುವುದಕ್ಕೆ ಧೈರ್ಯವಿಲ್ಲ. ದೇವರನ್ನು ನೆನೆದೆ, ಹೆಂಡತಿಯನ್ನು ನೆನೆದೆ, ಆಮೇಲೆ, ಥೂ, ಇಷ್ಟು ಪುಕ್ಕಲನಾ ನೀನು ಅಂತ ನನ್ನನ್ನೇ ಬೈದುಕೊಂಡು ಕಣ್ಣು ಬಿಟ್ಟೆ.

ಹೊರಗೆ ಬಂದರೆ ಜಗಲಿಯ ಉದ್ದಕ್ಕೂ ಎಲ್ಲರೂ ನಿಂತಿದ್ದಾರೆ! ಕಾಫಿ ಲೋಟ ಹಿಡಿದುಕೊಂಡು ಮಳೆ ನೋಡುವವರ ಹಾಗೆ ನಾಟಕ. ಒಬ್ಬರೂ ಲೋಟ ಬಾಯಿಗಿಟ್ಟಿಲ್ಲ. ಅಜ್ಜಿ ಸ್ವೆಟರ್ ಹಾಕಿ, ಬ್ಯಾಗು ಹೆಗಲಿಗೇರಿಸಿ ತಯಾರು. ಡ್ರೈವರ್ ಕಾರು ತಿರುಗಿಸಿ ನಿಲ್ಲಿಸಿದ್ದ. ಅಕ್ಕ ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡಿದ್ದರು.

ದಾವಣಗೆರೆಯವರಿಗೆ ತಡೆಯಲಾಗಲಿಲ್ಲ. "ಏನ್ ಸರ್?"

"ನೀರು," ಅಂದೆ. "ಬರೀ ನೀರಿನ ಬಣ್ಣ."

ಆ ಕೂಗು ಆಚೆ ಬೆಟ್ಟದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೂ ಕೇಳಿಸಿರಬೇಕು. ದಾವಣಗೆರೆಯವರು ಅಂಗಳದ ಕೆಸರಿಗೇ ಇಳಿದು ನನ್ನನ್ನು ತಬ್ಬಿ ಎತ್ತಿದರು. ಹೆಸರೂ ಸರಿಯಾಗಿ ಗೊತ್ತಿಲ್ಲದ ಜನ ನನ್ನ ಕೈ ಕುಲುಕುತ್ತಿದ್ದಾರೆ, ಮದುಮಗಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅಜ್ಜಿ, "ನಿಮ್ಮ ದೆಸೆಯಿಂದ ನಂಗೆ ರಾತ್ರಿಯಿಡೀ ನಿದ್ದೆ ಇಲ್ಲ," ಅಂತ ಬೈದು ಬ್ಯಾಗು ಕೆಳಗಿಟ್ಟರು. ನನಗೂ ಅಳು ಬಂತು. ಮಳೆ ಇತ್ತು ನಿಜ, ಆದರೆ ಅದು ಅಳುವೇ.

ನೆಟ್‌ವರ್ಕ್ ಸಿಗುವುದು ಗೇಟಿನ ಪಕ್ಕದ ಬಂಡೆಯ ಮೇಲೆ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದೆ. ಮೊದಲಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ನಗಬಹುದು ಅಂದುಕೊಂಡಿದ್ದೆ. ಆ ಕಡೆ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂತ ಹಲೋ ಹಲೋ ಅಂದೆ.

"ಇದೀನಿ," ಅಂದಳು. "ನಿನ್ನೆ ಬೆಳಿಗ್ಗೆ ನೋಡಿದ್ದು, ಇವತ್ತು ಹೇಳ್ತಿದೀರಿ."

"ನೀನು ಹೆದರ್ತೀಯ ಅಂತ..."

"ನೀವು ಹೆದರಲಿಲ್ವಾ?"

ಹೆದರಿದೆ ಅಂದೆ. ಬಹಳ ಹೆದರಿದೆ. ನಲವತ್ತು ವರ್ಷದ ಹತ್ತಿರದ ಸಂಸಾರದಲ್ಲಿ ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲಿರಬೇಕು. ಇನ್ನು ಕಾಡು ಮುಗಿಯಿತು, ಮನೆಗೆ ಬನ್ನಿ ಅನ್ನುತ್ತಾಳೆ ಅಂತ ಕಾದೆ. ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮುಂದಿನ ವರ್ಷ ನಾನೂ ಬತ್ತೀನಿ," ಅಂದಳು. "ನಂಗೂ ಎರಡು ಸಲ ಹಾಕಕ್ಕೆ ಹೇಳಿ ಆ ಅಕ್ಕಂಗೆ. ಕೆಂಪಾದ್ರೆ ಇಬ್ರಿಗೂ ಆಗ್ಲಿ. ಒಬ್ರೇ ನಿಂತ್ಕೊಂಡು ನೋಡ್ಬೇಡಿ."